ಕೊನೆಯ ಮಾತಿಗಾಗಿ ಕಾಯುವವರು

(ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಸಾವಿನ ಸಮೀಪದಲ್ಲಿರುವ ಗುರುವಿನಿಂದ ಶಿಷ್ಯನಾದವನು ಏನನ್ನು ಕಲಿಯಬಲ್ಲ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಕೇಳುಗರ ನಿರೀಕ್ಷೆ ಏನಿರಬಹುದೆಂದು ಊಹಿಸುವುದು ನನಗೆ ಕಷ್ಟವಾಗಲಿಲ್ಲ. ಹಾಸಿಗೆ ಹಿಡಿದ ಹಿರಿಯರು, ಪಕ್ಕದಲ್ಲಿ ಕೈಮುಗಿದು ಕುಳಿತ ಶಿಷ್ಯ, ಕ್ಷೀಣ ದನಿಯಲ್ಲಿ ಹೊರಬೀಳುವ ಒಂದೆರಡು ಮಾತು, ಆ ಮಾತಿನಲ್ಲಿ ಬದುಕಿನ ಸಾರವೆಲ್ಲ ಅಡಗಿರುತ್ತದೆ ಎಂಬ ಭರವಸೆ. ಈ ಚಿತ್ರದ ಬಗ್ಗೆ ನನಗೆ ಗೌರವವಿದೆ, ನಂಬಿಕೆ ಮಾತ್ರ ಅಷ್ಟಾಗಿ ಇಲ್ಲ. ಗುರುವಾದವರು ತಮ್ಮ ಕೊನೆಗಾಲದಲ್ಲಿ ಮಾತಿನಿಂದ ಕಲಿಸುವುದು ಕಡಿಮೆ. ನೋವನ್ನು, ಪರಾವಲಂಬನೆಯನ್ನು, ಮುಗಿಯದೆ ಉಳಿದ ಕೆಲಸವನ್ನು ಅವರು ನಿಭಾಯಿಸುವ ರೀತಿಯಿಂದ ಕಲಿಸುವುದೇ ಹೆಚ್ಚು. ಕೊನೆಯ ಮಾತಿಗಾಗಿ ಕಿವಿ ನೆಟ್ಟು ಕುಳಿತ ಶಿಷ್ಯನ ಕಣ್ಣಿಗೆ ಅದು ಬೀಳದೆ ಹೋಗುವ ಅಪಾಯವೂ ಇದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಜಗತ್ತಿನಲ್ಲಿ ಬಹುಶಃ ಅತ್ಯಂತ ಪ್ರಸಿದ್ಧವಾದ ಗುರುವಿನ ಸಾವಿನಿಂದಲೇ ಆರಂಭಿಸೋಣ. ಕ್ರಿಸ್ತಪೂರ್ವ 399ರಲ್ಲಿ ಅಥೆನ್ಸಿನ ಸೆರೆಮನೆಯಲ್ಲಿ ಸಾಕ್ರಟೀಸ್ ವಿಷ ಕುಡಿದ ದಿನದ ವೃತ್ತಾಂತವನ್ನು ನಮಗೆ ಕೊಟ್ಟವನು ಅವನ ಶಿಷ್ಯ ಪ್ಲೇಟೊ. ಆದರೆ ಆ ದಿನ ಅಲ್ಲಿ ಯಾರು ಯಾರು ಇದ್ದರು ಎಂದು ಹೆಸರಿಸುತ್ತ ಬರುವ ಆ ಕೃತಿಯ ನಿರೂಪಕ, ಫೀಡೊ ಎಂಬ ಶಿಷ್ಯ, ಪ್ಲೇಟೊ ಕಾಯಿಲೆಯಾಗಿದ್ದನೆಂದು ತೋರುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಅಂದರೆ ಗುರುವಿನ ಅಂತಿಮ ಗಳಿಗೆಯನ್ನು ಲೋಕಕ್ಕೆ ಕಟ್ಟಿಕೊಟ್ಟ ಶಿಷ್ಯ, ತಾನೇ ಬರೆದಿಟ್ಟ ಪ್ರಕಾರ, ಆ ಗಳಿಗೆಯಲ್ಲಿ ಅಲ್ಲಿರಲಿಲ್ಲ. ಹತ್ತಿರ ಇರಲಾಗಲಿಲ್ಲವಲ್ಲ, ಕೊನೆಯ ಮಾತು ಕೇಳಲಾಗಲಿಲ್ಲವಲ್ಲ ಎಂದು ವರ್ಷಗಟ್ಟಲೆ ಕೊರಗುವವರನ್ನು ಕಂಡಾಗ ನನಗೆ ಈ ವಾಕ್ಯ ನೆನಪಾಗುತ್ತದೆ. ಇನ್ನು ಸಾಕ್ರಟೀಸನ ಕೊನೆಯ ಮಾತಾದರೂ ಯಾವುದು? ವೈದ್ಯದೇವತೆ ಅಸ್ಕ್ಲೀಪಿಯಸ್‌ನಿಗೆ ಒಂದು ಹುಂಜ ಕೊಡುವುದಿದೆ, ಮರೆಯಬೇಡಿ ಎಂದು. ಅದರ ಅರ್ಥವೇನೆಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಿದ್ದಾರೆ.

ಆ ದಿನದ ನಿಜವಾದ ಪಾಠ ಬೇರೊಂದು ಕಡೆ ಇದೆ. ಆತ್ಮ ಅಮರವೆಂದು ಸಾಕ್ರಟೀಸ್ ವಾದ ಮುಂದಿಟ್ಟು ಸುಮ್ಮನಾದಾಗ, ಸಿಮ್ಮಿಯಸ್ ಮತ್ತು ಕೆಬೀಸ್ ಎಂಬಿಬ್ಬರು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಿರುತ್ತಾರೆ. ಏನು ವಿಷಯವೆಂದು ಅವನೇ ವಿಚಾರಿಸುತ್ತಾನೆ. ನಮಗೆ ಆಕ್ಷೇಪಗಳಿವೆ, ನೀನು ಕೇಳು ನೀನು ಕೇಳು ಎಂದು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದೇವೆ, ಇಂಥ ಹೊತ್ತಿನಲ್ಲಿ ನಿಮ್ಮ ಮನಸ್ಸಿಗೆ ನೋವಾದೀತೆಂದು ಹಿಂಜರಿಯುತ್ತಿದ್ದೇವೆ ಎಂದು ಸಿಮ್ಮಿಯಸ್ ಒಪ್ಪಿಕೊಳ್ಳುತ್ತಾನೆ. ಸಾಕ್ರಟೀಸ್ ನಗುತ್ತಾನೆ, ಕೇಳಿ ಎನ್ನುತ್ತಾನೆ. ಅವರು ಎತ್ತಿದ ಆಕ್ಷೇಪಗಳು ಸಣ್ಣವಲ್ಲ. ಕೇಳಿದವರೆಲ್ಲ ಎದೆಗುಂದಿದರೆಂದು ನಿರೂಪಕ ಫೀಡೊ ಹೇಳುತ್ತಾನೆ. ಆಗ ಸಾಕ್ರಟೀಸ್ ತನ್ನ ಪಕ್ಕದಲ್ಲಿ ತಗ್ಗಿನ ಆಸನದ ಮೇಲೆ ಕುಳಿತಿದ್ದ ಆ ಫೀಡೊನ ತಲೆಗೂದಲಲ್ಲಿ ಕೈಯಾಡಿಸುತ್ತ, ವಾದಗಳು ಸೋತಾಗ ವಾದವನ್ನೇ ದ್ವೇಷಿಸುವವರಾಗಬೇಡಿ, ಸಾಕ್ರಟೀಸನ ಚಿಂತೆಯನ್ನು ಕಡಿಮೆ ಮಾಡಿ ಸತ್ಯದ ಚಿಂತೆಯನ್ನು ಹೆಚ್ಚು ಮಾಡಿ ಎಂಬ ಅರ್ಥದ ಮಾತನ್ನಾಡಿ ಚರ್ಚೆಯನ್ನು ಮುಂದುವರಿಸುತ್ತಾನೆ. ಸಂಜೆ ಸಾಯಲಿರುವ ಮನುಷ್ಯನಿಗೆ ಆ ಮಧ್ಯಾಹ್ನ ಬೇಕಾಗಿದ್ದದ್ದು ತನ್ನ ಮಾತಿಗೆ ತಲೆದೂಗುವವರಲ್ಲ, ತನ್ನೊಡನೆ ಎಂದಿನಂತೆ ತಕರಾರು ತೆಗೆಯುವವರು.

ಇದೇ ಸಂದರ್ಭ ಇನ್ನೊಂದು ಕಡೆಯೂ ಕಾಣಿಸುತ್ತದೆ. ಕುಶಿನಗರದಲ್ಲಿ ಬುದ್ಧನ ಅಂತಿಮ ರಾತ್ರಿಯನ್ನು ವಿವರಿಸುವ ಪಾಲಿ ಭಾಷೆಯ ಸುತ್ತದಲ್ಲಿ, ಅಂದರೆ ಸೂತ್ರಗ್ರಂಥದಲ್ಲಿ, ಯಾರಿಗಾದರೂ ಸಂಶಯವಿದ್ದರೆ ಈಗಲೇ ಕೇಳಿ, ಗುರು ಎದುರಿಗಿದ್ದಾಗ ಕೇಳದೆ ಹೋದೆವಲ್ಲ ಎಂದು ಆಮೇಲೆ ಮರುಗಬೇಡಿ ಎಂದು ಬುದ್ಧ ಭಿಕ್ಷುಗಳಿಗೆ ಮೂರು ಸಲ ಹೇಳುತ್ತಾನೆ. ಮೂರು ಸಲವೂ ಎಲ್ಲರೂ ಸುಮ್ಮನಿರುತ್ತಾರೆ. ಬುದ್ಧ ಅಲ್ಲಿಗೆ ಬಿಡುವುದಿಲ್ಲ. ಒಂದು ವೇಳೆ ಗುರುವಿನ ಮೇಲಿನ ಗೌರವದಿಂದಲೇ ನೀವು ಕೇಳುತ್ತಿಲ್ಲವಾದರೆ, ಗೆಳೆಯನು ಗೆಳೆಯನಿಗಾದರೂ ಹೇಳಲಿ ಎನ್ನುತ್ತಾನೆ. ಗೌರವವೇ ಬಾಯಿ ಕಟ್ಟುತ್ತದೆ ಎಂಬುದು ಅಥೆನ್ಸಿನಲ್ಲಿ ಒಬ್ಬ ಗುರುವಿಗೂ ಕುಶಿನಗರದಲ್ಲಿ ಇನ್ನೊಬ್ಬ ಗುರುವಿಗೂ ಗೊತ್ತಿತ್ತು. ಶಿಷ್ಯರಿಗೆ ಎರಡೂ ಕಡೆ ಗೊತ್ತಿರಲಿಲ್ಲ.

ಇಲ್ಲಿ ಒಂದು ತಕರಾರು ಬರಬಹುದು. ನೋವಿನಲ್ಲಿ ನರಳುತ್ತಿರುವವರ ಮುಂದೆ ಸಂಶಯಗಳನ್ನು ಹರಡಿ ಕೂರುವುದು ಕ್ರೌರ್ಯವಲ್ಲವೆ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಮಹಾಭಾರತದ ಶಾಂತಿಪರ್ವದಲ್ಲಿದೆ, ಆದರೆ ನಾವು ಅದನ್ನು ಸಾಮಾನ್ಯವಾಗಿ ಗಮನಿಸದೆ ದಾಟಿಬಿಡುತ್ತೇವೆ. ಶರಶಯ್ಯೆಯ ಮೇಲಿನ ಭೀಷ್ಮ ಧರ್ಮರಾಯನಿಗೆ ರಾಜಧರ್ಮವನ್ನು ಬೋಧಿಸಿದ ಎಂದು ಎಲ್ಲರಿಗೂ ಗೊತ್ತು. ಬೋಧಿಸು ಎಂದು ಕೃಷ್ಣ ಹೇಳಿದಾಗ ಭೀಷ್ಮ ಮೊದಲು ಆಗುವುದಿಲ್ಲ ಎಂದದ್ದು ಅಷ್ಟಾಗಿ ಗೊತ್ತಿಲ್ಲ. ಬಾಣಗಳ ನೋವಿನಿಂದ ಮೈ ಬೇಯುತ್ತಿದೆ, ಬುದ್ಧಿ ಸ್ಪಷ್ಟವಾಗಿಲ್ಲ, ಮಾತು ಹೊರಡುತ್ತಿಲ್ಲ ಎನ್ನುತ್ತಾನೆ. ಕೃಷ್ಣ ಆಗ ಅವನಿಗೆ ಧೈರ್ಯದ ಉಪದೇಶ ಮಾಡುವುದಿಲ್ಲ. ನೋವು, ಉರಿ, ಹಸಿವು, ಬಾಯಾರಿಕೆ ಯಾವುದೂ ಬಾಧಿಸದಂತೆ ವರ ಕೊಡುತ್ತಾನೆ. ಮಾರನೆಯ ದಿನ ಪಾಠ ಶುರುವಾಗುತ್ತದೆ. ಮೊದಲು ನೋವಿನ ಶಮನ, ಆಮೇಲೆ ತತ್ತ್ವ ಎಂಬ ಈ ಕ್ರಮವನ್ನು ಕವಿ ಎಷ್ಟು ಸಹಜವಾಗಿ ಇಟ್ಟಿದ್ದಾನೆಂದರೆ, ಬೋಧನೆಯ ವಿಸ್ತಾರದಲ್ಲಿ ಮುಳುಗಿದ ನಾವು ಅದನ್ನು ಮರೆತೇಬಿಟ್ಟಿದ್ದೇವೆ.

ವೈದ್ಯಲೋಕ ಈ ಕ್ರಮವನ್ನು ವ್ಯವಸ್ಥಿತವಾಗಿ ಕಲಿತದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಸಿಸಿಲಿ ಸಾಂಡರ್ಸ್ ಎಂಬ ಮಹಿಳೆ ಮೊದಲು ದಾದಿಯಾಗಿ, ಅನಂತರ ಆಸ್ಪತ್ರೆಯ ಸಮಾಜಸೇವಾ ಕಾರ್ಯಕರ್ತೆಯಾಗಿ ದುಡಿದು, ಕೊನೆಗೆ ವೈದ್ಯಶಾಸ್ತ್ರವನ್ನೂ ಓದಿ, 1967ರಲ್ಲಿ ಲಂಡನ್ನಿನ ದಕ್ಷಿಣ ಭಾಗದಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು, ಅಂದರೆ ಸಾಯುತ್ತಿರುವವರ ಆರೈಕೆಯ ಮನೆಯನ್ನು, ತೆರೆದರು. ನೋವು ತಡೆಯಲಾಗದಷ್ಟಾಗಿ ರೋಗಿ ಕೂಗಿಕೊಳ್ಳುವವರೆಗೆ ಕಾದು ಔಷಧ ಕೊಡುವ ಬದಲು, ನೋವು ಮರಳುವ ಮೊದಲೇ ಹೊತ್ತುಹೊತ್ತಿಗೆ ಕೊಡಬೇಕು ಎಂಬುದು ಅವರ ಮುಖ್ಯ ಪಾಠ. ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಬಂಧಗಳ, ನಂಬಿಕೆಯ ನೋವೂ ಹೆಣೆದುಕೊಂಡಿರುತ್ತದೆ ಎಂಬುದನ್ನು ಅವರು ಸಮಗ್ರ ನೋವು ಎಂದು ಕರೆದರು. ಅವರಿಗೆ ಈ ಕೆಲಸದ ದೀಕ್ಷೆ ಕೊಟ್ಟವನು ಪ್ರಾಧ್ಯಾಪಕನಲ್ಲ. 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಸಾಯುತ್ತಿದ್ದ, ಪೋಲೆಂಡಿನಿಂದ ಬಂದು ಬಂಧುಬಳಗವಿಲ್ಲದೆ ಉಳಿದಿದ್ದ ಡೇವಿಡ್ ಟಾಸ್ಮ ಎಂಬ ಯಹೂದಿ. ನಿಮ್ಮ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂಬರ್ಥದ ಮಾತು ಹೇಳಿ ಅವನು 500 ಪೌಂಡ್ ಬಿಟ್ಟುಹೋದ. ಆ ಮನೆ ಎದ್ದುನಿಲ್ಲಲು ಮತ್ತೆ 19 ವರ್ಷ ಬೇಕಾಯಿತು.

ಗುಣವಾಗದ ಕಾಯಿಲೆಯಲ್ಲಿ ನೋವಿನ ಉಪಶಮನಕ್ಕೆ ಗಮನ ಕೊಡುವುದೆಂದರೆ ಕೈಚೆಲ್ಲಿದಂತೆ ಎಂಬ ಭಾವನೆ ಇನ್ನೂ ಬಲವಾಗಿದೆ. 2010ರಲ್ಲಿ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ ಅಧ್ಯಯನ ಇದನ್ನು ಅಲುಗಾಡಿಸಿತು. ಹರಡಿಹೋದ ಶ್ವಾಸಕೋಶದ ಕ್ಯಾನ್ಸರಿದ್ದ 151 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಉಪಶಮನ ಆರೈಕೆಯನ್ನೂ ಕೊಟ್ಟಾಗ, ಆ ಗುಂಪಿನವರಲ್ಲಿ ಖಿನ್ನತೆ ಕಡಿಮೆಯಾಗಿತ್ತು, ದಿನಗಳು ಹೆಚ್ಚು ಸಹನೀಯವಾಗಿದ್ದವು. ಕೊನೆಗಾಲದ ಉಗ್ರ ಚಿಕಿತ್ಸೆಗಳು ಕಡಿಮೆಯಿದ್ದರೂ ಅವರ ಬದುಕುಳಿದ ಅವಧಿಯ ಮಧ್ಯಾಂಕ 11.6 ತಿಂಗಳಿತ್ತು; ಇನ್ನೊಂದು ಗುಂಪಿನದು 8.9. ಒಂದು ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು ಎಂಬ ಎಚ್ಚರದೊಡನೆಯೇ ಹೇಳುತ್ತೇನೆ: ನಿಮ್ಮ ಗುರುಗಳು ಹಾಸಿಗೆ ಹಿಡಿದಿದ್ದರೆ ಅವರ ಬಳಿ ಜೀವನದ ಅರ್ಥ ಕೇಳುವ ಮೊದಲು, ರಾತ್ರಿ ನೋವು ಎಷ್ಟಿತ್ತು, ಔಷಧ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ, ಮಲಬದ್ಧತೆ ಇದೆಯೇ ಎಂದು ಕೇಳಿ. ಬಲವಾದ ನೋವುನಿವಾರಕಗಳು ಮಲಬದ್ಧತೆಯನ್ನು ತರುತ್ತವೆ, ಸಂಕೋಚದವರು ಅದನ್ನು ಶಿಷ್ಯರ ಮುಂದೆ ಹೇಳುವುದಿಲ್ಲ.

ಭೀಷ್ಮನ ಬಳಿಗೆ ಹೋದವರೆಲ್ಲ ಧರ್ಮರಾಯನಂತೆ ಕೇಳಲೆಂದು ಹೋದವರೇನೂ ಅಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನೂ ಶರಶಯ್ಯೆಯ ಬಳಿಗೆ ಬರುತ್ತಾನೆ. ಇನ್ನಾದರೂ ಸಂಧಿ ಮಾಡಿಕೊ ಎಂದು ಅಜ್ಜ ಹೇಳಿದರೆ ಅವನು ಒಪ್ಪುವುದಿಲ್ಲ, ತನ್ನ ಛಲವನ್ನೇ ಎತ್ತಿ ಹಿಡಿಯುತ್ತಾನೆ. ಅಚ್ಚರಿಯೆಂದರೆ ಭೀಷ್ಮ ಅವನನ್ನು ಶಪಿಸಿ ಕಳಿಸುವುದಿಲ್ಲ. ತನ್ನ ಸಲಹೆ ತಿರಸ್ಕೃತವಾಯಿತು ಎಂದು ಗೊತ್ತಾದ ಮೇಲೂ, ಹಾಗಾದರೆ ವೈಶಂಪಾಯನ ಸರೋವರದಲ್ಲಿ ಅಡಗಿಕೊಂಡು ಹೊತ್ತು ಕಳೆ ಎಂದು ಅವನು ಹಿಡಿದ ದಾರಿಯಲ್ಲೇ ಅವನಿಗೆ ಆಗಬಹುದಾದ ನೆರವನ್ನು ಸೂಚಿಸುತ್ತಾನೆ. ಕೇಳದ ಶಿಷ್ಯನನ್ನೂ ಕೈಬಿಡದ ಈ ಗುಣ ನನಗೆ ಶಾಂತಿಪರ್ವದ ಬೋಧನೆಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಸಾಯುತ್ತಿರುವವರನ್ನೇ ಶಿಕ್ಷಕರನ್ನಾಗಿ ಕೂರಿಸುವ ಪ್ರಯೋಗವನ್ನು ಆಧುನಿಕ ಕಾಲದಲ್ಲಿ ಮಾಡಿದವರು ಎಲಿಜಬೆತ್ ಕ್ಯೂಬ್ಲರ್-ರಾಸ್. 1965ರಲ್ಲಿ ಶಿಕಾಗೋದ ನಾಲ್ವರು ದೇವಶಾಸ್ತ್ರ ವಿದ್ಯಾರ್ಥಿಗಳು ಸಾವಿನ ಕುರಿತ ಅಧ್ಯಯನಕ್ಕೆ ನೆರವು ಕೇಳಿ ಬಂದಾಗ, ಸಾಯುತ್ತಿರುವವರನ್ನೇ ಕೇಳೋಣ ಎಂದು ಅವರು ಹೊರಟರು. ದೊಡ್ಡ ಆಸ್ಪತ್ರೆಯ ವಾರ್ಡುಗಳಲ್ಲಿ ವಿಚಾರಿಸಿದರೆ ಸಾಯುತ್ತಿರುವ ರೋಗಿಗಳು ನಮ್ಮಲ್ಲಿಲ್ಲ ಎಂಬ ಉತ್ತರ ಸಿಕ್ಕಿತಂತೆ! 1969ರಲ್ಲಿ ಅವರು ಮುಂದಿಟ್ಟ ಐದು ಹಂತಗಳು, ಅಂದರೆ ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ, ಇಂದು ಎಲ್ಲರ ಬಾಯಲ್ಲೂ ಇವೆ. ಎಲ್ಲರೂ ಇದೇ ಕ್ರಮದಲ್ಲಿ ಸಾಗುತ್ತಾರೆ ಎಂಬುದಕ್ಕೆ ಅನಂತರದ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಆದರೂ ಹಿರಿಯರೊಬ್ಬರು ಸಿಡುಕಿದರೆ ಇದು ಎರಡನೆಯ ಹಂತ ಎಂದು ಹೊರಗೆ ಬಂದು ಪಿಸುಗುಡುವವರಿದ್ದಾರೆ. ಅವರು ಸಿಡುಕಿದ್ದು ದಿಂಬು ಸರಿಯಿಲ್ಲದ್ದಕ್ಕೂ ಇರಬಹುದು. ಹಂತಗಳ ಪಟ್ಟಿಗಿಂತ, ಹಾಸಿಗೆಯ ಬಳಿ ಕುಳಿತು ಅವರಿಂದಲೇ ಕೇಳಿ ತಿಳಿಯಬೇಕೆಂಬ ಆ ಮೂಲ ನಿರ್ಧಾರವೇ ಕ್ಯೂಬ್ಲರ್-ರಾಸ್ ಅವರ ಹಿರಿಮೆ ಎಂದು ನನ್ನ ಅಭಿಪ್ರಾಯ.

ಪರಾವಲಂಬನೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪಾಠ ಅತ್ಯಂತ ಕಠಿಣವಾಗುವುದು ಇಲ್ಲಿ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರದ ಪ್ರಾಧ್ಯಾಪಕ ಮೋರಿ ಶ್ವಾರ್ಟ್ಸ್ 1995ರಲ್ಲಿ ತೀರಿಕೊಂಡದ್ದು ಎ.ಎಲ್.ಎಸ್. ಎಂಬ ನರರೋಗದಿಂದ. ಸ್ನಾಯುಗಳಿಗೆ ಆಜ್ಞೆ ಕೊಡುವ ನರಕೋಶಗಳು ಒಂದೊಂದಾಗಿ ನಶಿಸುವ ಈ ಕಾಯಿಲೆಯಲ್ಲಿ ಕೈಕಾಲು, ನುಂಗುವ ಶಕ್ತಿ, ಕೊನೆಗೆ ಉಸಿರಾಟ ಹೋಗುತ್ತವೆ. ಬಹುತೇಕರಲ್ಲಿ ಅರಿವು ಮಾತ್ರ ಬಹುಮಟ್ಟಿಗೆ ಉಳಿದಿರುತ್ತದೆ. ನಿಮಗೆ ಅತಿ ಭಯ ಯಾವುದರದು ಎಂದು ದೂರದರ್ಶನದ ಸಂದರ್ಶಕ ಕೇಳಿದಾಗ ಅವರು ಸಾವಿನ ಹೆಸರು ಎತ್ತಲಿಲ್ಲ; ಶೌಚದ ನಂತರ ತನ್ನನ್ನು ಇನ್ನೊಬ್ಬರು ಶುಚಿಗೊಳಿಸಬೇಕಾದ ದಿನ ಬರುತ್ತದಲ್ಲ, ಅದು ಎಂದರು. ಜೀವಮಾನವೆಲ್ಲ ಕೊಡುವ ಸ್ಥಾನದಲ್ಲಿದ್ದವರಿಗೆ ಪಡೆಯುವ ಸ್ಥಾನಕ್ಕೆ ಇಳಿಯುವುದು ಎಷ್ಟು ಕಷ್ಟವೆಂಬುದನ್ನು ಇಷ್ಟು ನೇರವಾಗಿ ಹೇಳಿದ ಪ್ರಾಧ್ಯಾಪಕರು ವಿರಳ.

ನನ್ನ ಗುರುಗಳ ವಿಷಯದಲ್ಲಿ ನಾನು ಹತ್ತಿರದಿಂದ ಕಂಡದ್ದನ್ನು ಇಲ್ಲಿ ಹೇಳಬಹುದು. ಅವರಿಗೆ ಕೊನೆಯ ತಿಂಗಳುಗಳಲ್ಲಿ ನುಂಗುವುದು ಕಷ್ಟವಾಗಿತ್ತು. ಮೊದಲ ಸಲ ನಾನು ನೀರಿನ ಲೋಟವನ್ನು ಅವರ ಬಾಯಿಗೆ ಹಿಡಿದಾಗ ಅವರು ಕೈಯೆತ್ತಿ ತಡೆದರು. "ಮೇಲಿಂದ ಸುರಿಯಬೇಡ. ಮೊದಲು ನನ್ನ ಎದುರಿಗೆ ಕೂತುಕೊ. ನನ್ನ ಗದ್ದ ಎದೆಯ ಕಡೆ ಬಾಗಲಿ. ತುಟಿಗೆ ತಾಗಿಸಿ ನಿಲ್ಲಿಸು, ಎಳೆದುಕೊಳ್ಳುವವನು ನಾನು," ಎಂದರು. ತರಗತಿಯಲ್ಲಿ ಪ್ರಬಂಧವೊಂದನ್ನು ತಿದ್ದುವಾಗಿನ ದನಿಯೇ ಅದು. ಒಂದು ಗುಟುಕು ಇಳಿದ ಮೇಲೆ ಕಣ್ಣಿನಲ್ಲೇ ಇನ್ನೊಂದು ಎನ್ನುವರು. ಗಂಟಲಿನಲ್ಲಿ ಗೊರಗೊರ ಸದ್ದು ಕೇಳಿದರೆ ಸಾಕು ಎಂದು ಬೆರಳು ಎತ್ತುವರು. ನೆರವು ಪಡೆಯುವುದನ್ನೂ ಒಂದು ಕೌಶಲವೆಂದು ತಿಳಿದು, ನೆರವು ಕೊಡುವವನಿಗೆ ಅದನ್ನು ಕಲಿಸಿ, ಅವನ ಗಾಬರಿಯನ್ನು ಇಳಿಸಿದವರು ಅವರು. ಸಾವು ಎಂಬ ಪದವನ್ನು ಅವರು ನನ್ನೆದುರು ಹೆಚ್ಚಾಗಿ ಬಳಸಲಿಲ್ಲ, ಬದುಕಿನ ಗುಟ್ಟನ್ನೂ ಹೇಳಲಿಲ್ಲ. ಅನಂತರ ನನ್ನ ತಾಯಿಯ ಶುಶ್ರೂಷೆಗೆ ನಿಂತಾಗ ನನಗೆ ಉಪಯೋಗಕ್ಕೆ ಬಂದದ್ದು ಆ ಲೋಟದ ಪಾಠ.

ಪಡೆಯುವುದನ್ನು ಕಲಿತ ಗುರುವಿಗೆ ಉಳಿಯುವ ಇನ್ನೊಂದು ಕೆಲಸ ಒಪ್ಪಿಸುವುದು. ಎಂಬತ್ತು ವರ್ಷದ ಬುದ್ಧ ವೈಶಾಲಿಯ ಬಳಿ ಕಾಯಿಲೆ ಬಿದ್ದು ಚೇತರಿಸಿಕೊಂಡಾಗ, ಸಂಘದ ಬಗ್ಗೆ ಏನಾದರೂ ಹೇಳದೆ ಭಗವಂತರು ಹೋಗಲಾರರೆಂಬ ಸಮಾಧಾನ ತನಗಿತ್ತು ಎಂದು ಶಿಷ್ಯ ಆನಂದ ಹೇಳಿಕೊಳ್ಳುತ್ತಾನೆ. ಸಂಘ ನನ್ನಿಂದ ಇನ್ನೇನನ್ನು ನಿರೀಕ್ಷಿಸುತ್ತದೆ, ನಾನು ಒಳಗು ಹೊರಗು ಎಂಬ ಭೇದವಿಲ್ಲದೆ ಎಲ್ಲವನ್ನೂ ಕಲಿಸಿದ್ದೇನೆ, ಗುರುವಿನ ಮುಚ್ಚಿದ ಮುಷ್ಟಿ ನನ್ನದಲ್ಲ ಎಂಬುದು ಬುದ್ಧನ ಉತ್ತರ. ಕೊನೆಗೆಂದು ಬಚ್ಚಿಟ್ಟುಕೊಂಡದ್ದು ಏನೂ ಇಲ್ಲ ಎಂದಾಯಿತು. ಆ ಬಳಿಕದ ದಿನಗಳಲ್ಲಿ ಅವನು ಮಾಡಿದ್ದೆಲ್ಲ ಇತರರ ಹೊರೆ ಇಳಿಸುವ ಸಣ್ಣ ಕೆಲಸಗಳು. ಚುಂದನೆಂಬ ಕಮ್ಮಾರನ ಮನೆಯ ಊಟದ ನಂತರ ಕಾಯಿಲೆ ಉಲ್ಬಣಿಸಿದಾಗ, ಆ ಮನುಷ್ಯ ತನ್ನನ್ನು ತಾನೇ ದೂಷಿಸಿಕೊಳ್ಳಬಾರದು, ಅವನ ಊಟ ಮಹಾಪುಣ್ಯದ್ದೆಂದು ಹೇಳಿ ಅವನನ್ನು ಸಮಾಧಾನಪಡಿಸು ಎಂದು ಆನಂದನಿಗೆ ಒಪ್ಪಿಸುತ್ತಾನೆ. ಬಾಗಿಲ ಬಳಿ ನಿಂತು ಅಳುತ್ತಿದ್ದ ಆನಂದನನ್ನು ಕರೆಸಿ, ಅವನ ಸೇವೆಯನ್ನು ಎಲ್ಲರೆದುರು ಹೊಗಳುತ್ತಾನೆ. ಸಾಕ್ರಟೀಸ್ ಕೂಡ ವಿಷ ಕುಡಿಯುವ ಮೊದಲು ತಾನೇ ಹೋಗಿ ಸ್ನಾನ ಮಾಡಿಬಂದ, ಹೆಣ ತೊಳೆಯುವ ಕೆಲಸ ಹೆಂಗಸರಿಗೆ ಉಳಿಯದಿರಲಿ ಎಂದು.

ಒಪ್ಪಿಸುವ ಕೆಲಸ ಯಾವಾಗಲೂ ಇಷ್ಟು ಸಲೀಸಲ್ಲ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಮತ್ತು ಅವನಿಗಿಂತ ಹನ್ನೆರಡು ವರ್ಷ ಕಿರಿಯನಾದ ಗೆಳೆಯ ಆಡಂ ಸ್ಮಿತ್ ನಡುವೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1776ರ ಮಾರ್ಚಿನಲ್ಲಿ ಸ್ಮಿತ್‌ನ ಅರ್ಥಶಾಸ್ತ್ರದ ಮಹಾಗ್ರಂಥ ಹೊರಬಂದಾಗ ಹ್ಯೂಮ್ ಆಗಲೇ ಕರುಳಿನ ಕಾಯಿಲೆಯಿಂದ ಸೊರಗಿದ್ದ. ಏಪ್ರಿಲ್ 1ರಂದು ಅವನು ಬರೆದ ಪತ್ರದಲ್ಲಿ ಮನಸಾರೆ ಮೆಚ್ಚುಗೆಯಿದೆ. ಅದರ ಬೆನ್ನಿಗೇ ನೀನು ಇಲ್ಲಿ ನನ್ನ ಅಗ್ಗಿಷ್ಟಿಕೆಯ ಮುಂದಿದ್ದರೆ ನಿನ್ನ ಕೆಲವು ತತ್ತ್ವಗಳ ಬಗ್ಗೆ ವಾದ ಹೂಡುತ್ತಿದ್ದೆ ಎಂಬ ಮಾತಿದೆ. ಜಮೀನಿನ ಗೇಣಿ ಬೆಳೆಯ ಬೆಲೆಯಲ್ಲಿ ಸೇರುತ್ತದೆ ಎಂಬುದನ್ನು ಒಪ್ಪಲಾರೆ, ಬೆಲೆ ನಿರ್ಧಾರವಾಗುವುದು ಉತ್ಪನ್ನದ ಪ್ರಮಾಣ ಮತ್ತು ಬೇಡಿಕೆಯಿಂದ ಎಂದು ಅವನು ಆಕ್ಷೇಪಿಸುತ್ತಾನೆ. ಇನ್ನು ಐದು ತಿಂಗಳೂ ಬದುಕದ ಮನುಷ್ಯ ಗೇಣಿಯ ಬಗ್ಗೆ ಜಗಳ ತೆಗೆಯುವುದನ್ನು ಓದುವಾಗ ನನಗೆ ಸಂತೋಷವಾಗುತ್ತದೆ. ಗುರುವಿನ ಗೌರವ ಶಿಷ್ಯನಿಗೆ ಸಿಗುವುದು ಹೀಗೆಯೇ.

ಆದರೆ ಹ್ಯೂಮನಿಗೆ ಒಂದು ಅಪೇಕ್ಷೆಯಿತ್ತು. ಧರ್ಮ ಮತ್ತು ದೇವರನ್ನು ಕುರಿತ ವಾದಗಳನ್ನು ಪ್ರಶ್ನಿಸುವ ಸಂವಾದ ರೂಪದ ಕೃತಿಯೊಂದನ್ನು ಅವನು ವರ್ಷಗಟ್ಟಲೆ ಅಚ್ಚು ಮಾಡಿಸದೆ ಇಟ್ಟುಕೊಂಡಿದ್ದ. ತಾನು ಸತ್ತ ಮೇಲೆ ಸ್ಮಿತ್ ಅದನ್ನು ಪ್ರಕಟಿಸಬೇಕೆಂದು ಬಯಸಿದ. ಸ್ಮಿತ್‌ಗೆ ಅದು ಇಷ್ಟವಿರಲಿಲ್ಲ, ಹಿಂಜರಿಕೆಯನ್ನು ಬಚ್ಚಿಡಲೂ ಇಲ್ಲ. ಸಾಯುವವರ ಮುಂದೆ ಆಗಲಿ ಎಂದುಬಿಟ್ಟು ಆಮೇಲೆ ಮರೆಯುವುದು ಸುಲಭ. ಎದುರಿಗೇ ಆಗದು ಎನ್ನುವುದು ಕಷ್ಟ. ಸ್ಮಿತ್ ಕಷ್ಟದ್ದನ್ನು ಆರಿಸಿಕೊಂಡದ್ದರಿಂದ ಹ್ಯೂಮನಿಗೆ ಬೇರೆ ಏರ್ಪಾಡು ಮಾಡಲು ಸಮಯ ಸಿಕ್ಕಿತು. ಆಗಸ್ಟಿನಲ್ಲಿ ಉಯಿಲಿಗೆ ತಿದ್ದುಪಡಿ ಬರೆಸಿ, ಹಸ್ತಪ್ರತಿಯನ್ನು ಮುದ್ರಕ ಸ್ಟ್ರೇಹನ್ನನಿಗೆ ಬಿಟ್ಟ. ಎರಡೂವರೆ ವರ್ಷದೊಳಗೆ ಅದು ಅಚ್ಚಾಗದಿದ್ದರೆ ಹಕ್ಕು ತನ್ನದೇ ಹೆಸರಿನ ಸೋದರನ ಮಗನಿಗೆ ಎಂದು ಸೇರಿಸಿದ. ಸ್ಟ್ರೇಹನ್ ಕೂಡ ಹಿಂದೆಗೆದ. ಪುಸ್ತಕ 1779ರಲ್ಲಿ ಹೊರಬಂದದ್ದು ಆ ಹುಡುಗನಿಂದ.

ಸ್ಮಿತ್‌ನನ್ನು ಹೇಡಿಯೆಂದು ಕರೆದವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಹ್ಯೂಮ್ ತನ್ನ ಬದುಕಿನ ಬಗ್ಗೆ ಬರೆದಿಟ್ಟಿದ್ದ ಪುಟ್ಟ ಬರಹಕ್ಕೆ, ಈ ಕಾಯಿಲೆಯಲ್ಲಿ ಅವನು ನಡೆದುಕೊಂಡ ರೀತಿಯನ್ನು ಕುರಿತು ಕೆಲವು ಸಾಲು ಸೇರಿಸಲೇ ಎಂದು ಅವನು ಬದುಕಿದ್ದಾಗಲೇ ಸ್ಮಿತ್ ಅನುಮತಿ ಕೇಳಿದ, ಹ್ಯೂಮ್ ಒಪ್ಪಿದ. ನಾಸ್ತಿಕನೆಂದು ಕುಖ್ಯಾತನಾಗಿದ್ದವನು ಹೆದರದೆ, ತಮಾಷೆ ಮಾಡುತ್ತ, ಶಾಂತನಾಗಿ ಸತ್ತ ಎಂದು ಸ್ಮಿತ್ ಪತ್ರ ರೂಪದಲ್ಲಿ ಬರೆದದ್ದು 1777ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನ ಇಡೀ ವಾಣಿಜ್ಯ ವ್ಯವಸ್ಥೆಯ ಮೇಲೆ ತಾನು ನಡೆಸಿದ ದಾಳಿಗೆ ಸಿಕ್ಕಿದ್ದಕ್ಕಿಂತ ಹತ್ತು ಪಟ್ಟು ಬೈಗುಳ ಈ ಒಂದು ಪತ್ರಕ್ಕೆ ಸಿಕ್ಕಿತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಸಂವಾದದ ಆ ಕೃತಿಯನ್ನು ಅಚ್ಚು ಹಾಕಿಸಬೇಕೇ ಬೇಡವೇ ಎಂಬ ವಿಷಯದಲ್ಲಿ ಮಾತ್ರ ಇಬ್ಬರೂ ಒಮ್ಮತಕ್ಕೆ ಬರಲೇ ಇಲ್ಲ.